ಆಯುಧಪೂಜೆಯ ನೊರೆನೀರು

ಮೀನು ಕೊಳ್ಳುವಾಗ ನಾನು ಕಿವಿರು ಎತ್ತಿ ನೋಡುತ್ತೇನೆ. ಕೆಂಪಗಿದ್ದರೆ ಸರಿ, ಬಿಳಚಿಕೊಂಡಿದ್ದರೆ ಬೇಡ. ಓದು ಬರಹ ನನಗೆ ಅಷ್ಟಕ್ಕಷ್ಟೆ, ಇಷ್ಟು ಮಾತ್ರ ಗೊತ್ತು.

ಮೊಮ್ಮಗಳು ಕಾಲೇಜಿನಲ್ಲಿ ಮೀನಿನ ರಕ್ತ ಪರೀಕ್ಷೆ ಮಾಡುತ್ತಾಳೆ. ಒಮ್ಮೆ ಲ್ಯಾಪ್‌ಟಾಪಿನಲ್ಲಿ ಎರಡು ಚಿತ್ರ ತೋರಿಸಿದಳು. ಒಳ್ಳೆಯ ನೀರಿನ ಮೀನಿನ ರಕ್ತದಲ್ಲಿ ಕಣಗಳು ಸೌತೆಬೀಜದ ಹಾಗೆ ಒತ್ತಾಗಿದ್ದವು. ಸೋಪು ನೀರಿನಲ್ಲಿಟ್ಟ ಮೀನಿನದು ಅಲ್ಲೊಂದು ಇಲ್ಲೊಂದು, ಅವೂ ಒಡಕು.

“ಗಿಲ್ಸ್, ಅದೇ ಕಿವಿರು, ಡ್ಯಾಮೇಜ್ ಆಗತ್ತೆ ಅಜ್ಜಿ, ರೆಡ್ ಸೆಲ್ಸ್ ಒಡೆದ್ಹೋಗತ್ತೆ. ನೀರಲ್ಲೇ ಇದ್ರೂ ಉಸಿರು ಸಾಲಲ್ಲ.”

“ಹೊಳೆಗೆ ಸೋಪು ಎಲ್ಲಿಂದ ಬರುತ್ತೆ?”

“ನಾವೇ! ಡ್ರೈವ್‌ವೇನಲ್ಲಿ ಕಾರ್ ತೊಳೀತೀವಲ್ಲ. ರೋಡಿನ ಮೋರಿಯಿಂದ ಸೀದಾ ಹಿಂದಿನ ತೊರೆಗೆ.”

ಅಮೆರಿಕದ ಇಸ್ಸಾಕ್ವಾ ಊರಿನ ನಮ್ಮ ಮನೆ ಹಿಂದೆಯೇ ಆ ತೊರೆ. ಆಯುಧಪೂಜೆಯ ಹೊತ್ತಿಗೆ ಸಾಲ್ಮನ್ ಮೀನುಗಳು ಮೊಟ್ಟೆಯಿಡಲು ಅಲ್ಲಿಗೆ ಏರಿ ಬರುತ್ತವೆ. ಪೂಜೆಯ ದಿನ ಹತ್ತಿರದ ಡುವಾಲ್, ಕೆನ್ಮೋರ್ ಊರುಗಳ ಸ್ನೇಹಿತರೂ ಕಾರು ತಂದು ನಮ್ಮ ಮನೆ ಮುಂದಿನ ಇಳಿಜಾರಿನಲ್ಲೇ ತೊಳೆಯುವುದು ರೂಢಿ. ಶಾಂಪೂ ನೊರೆ ಮೊಣಕಾಲುದ್ದ.

ಈ ಸಲ ಅಳಿಯ ಪೈಪು ಬಿಚ್ಚಿದ ಕೂಡಲೇ ನಾನು ಪ್ಲಾಸ್ಟಿಕ್ ಕುರ್ಚಿ ತಂದು ಮೋರಿಯ ಕಬ್ಬಿಣದ ಜಾಲರಿಯ ಮೇಲೆ ಹಾಕಿ ಕೂತೆ.

“ಅತ್ತೆ, ಏಳಿ. ಒದ್ದೆ ಆಗ್ತೀರ.”

“ಆಗ್ಲಿ. ಈ ಸೋಪು ನೀರು ತೊರೆಗೆ ಹೋಗಕೂಡ್ದು.”

“ತೊಳೀದೆ ಪೂಜೆ ಹೆಂಗ್ ಮಾಡೋದು?”

“ಲ್ಯಾಪ್‌ಟಾಪಿಗೂ ಕುಂಕುಮ ಇಡ್ತೀರಲ್ಲ, ಅದನ್ನೂ ಪೈಪಲ್ಲಿ ತೊಳೀತೀರಾ?”

ಡುವಾಲಿನವನು ನಕ್ಕ. “ಸಾರು ಮಾಡ್ಕೊಂಡು ತಿನ್ನೋರು ನೀವು, ಮೀನಿನ ಮೇಲೆ ಇಷ್ಟು ಕರುಣೆನಾ ಆಂಟಿ?”

“ಕರುಣೆ ಅಲ್ಲ ಕಣಪ್ಪ. ಮೀನು ಇದ್ರೆ ತಾನೆ ಸಾರು?”

ಮಗಳು ಬಂದು ಕೈ ಹಿಡಿದೆಳೆದಳು. “ಅಮ್ಮಾ, ಜನರ ಮುಂದೆ ಇದೇನು?”

“ಜನ ಇದಾರೆ ಅಂತಲೇ ಕೂತಿರೋದು. ಒಬ್ಬೊಬ್ಬರ ಮನೆಗೆ ಹೋಗಿ ಹೇಳೋಕೆ ನಂಗೆ ಡ್ರೈವಿಂಗ್ ಬರಲ್ಲ.”

ಯಾರೋ ಫೋನು ನೋಡಿ, “ರಾಹುಕಾಲ ಶುರುವಾಗತ್ತೆ, ಬೇಗ ಮಾಡ್ರಪ್ಪ” ಅಂದರು. ಅಷ್ಟೇ. ಅಳಿಯ ಮುಖ ಗಂಟಿಕ್ಕಿಕೊಂಡೇ ಪೈಪು ಸುತ್ತಿಟ್ಟು, ಒಳಗಿಂದ ಬಕೆಟ್ಟು, ಹಳೇ ಪಂಚೆಯ ತುಂಡು ತಂದ. ಒದ್ದೆ ಬಟ್ಟೆಯಲ್ಲಿ ಕಾರು ಒರೆಸಿದರು. ಹೂವು ಏರಿತು, ಚಕ್ರದಡಿ ನಿಂಬೆಹಣ್ಣು ಒಡೆಯಿತು. ಪೂಜೆಗೇನೂ ಕಮ್ಮಿಯಾಗಲಿಲ್ಲ.

ಮಂಗಳಾರತಿ ತಟ್ಟೆ ನಾನಿದ್ದಲ್ಲಿಗೇ ಬಂತು. ಕೂತೇ ತೆಗೆದುಕೊಂಡೆ. ಡುವಾಲಿನವನು ಕೊಳೆನೀರಿನ ಬಕೆಟ್ಟು ಹಿಡಿದು ನನ್ನ ಮುಂದೆ ನಿಂತ.

“ಇದನ್ನೆಲ್ಲಿ ಚೆಲ್ಲಲಿ ಆಂಟಿ?”

“ಬಚ್ಚಲಿಗೆ. ಅಲ್ಲಿಯ ನೀರು ಶುದ್ಧ ಮಾಡಿಯೇ ಬಿಡ್ತಾರಂತೆ.”

ಅವನು ಒಳಗೆ ಹೋಗಿ ಚೆಲ್ಲಿದ ಸದ್ದು ಕೇಳಿದ ಮೇಲೆಯೇ ಎದ್ದೆ.