ಗೊಣಗನಿಗೆ ಬಂದ ಹೊಸ ಡ್ರೈವು

“ಹೊಸ ಡ್ರೈವನ್ನ ಲೈನಿಗೆ ಸೇರಿಸಿ ಮಾತಾಡಿಸೋಕೆ ನನಗೆ ಒಂದು ಲೋಟ ಚಹಾ ಆರೋವಷ್ಟು ಹೊತ್ತು ಸಾಕು. ಅದೂ ಚಹಾ ಬಿಸಿ ಇದ್ರೆ.”

ಕರೆಂಟು ಮಾವ ಈ ಮಾತನ್ನು ಒಂಬತ್ತು ವರ್ಷಗಳಿಂದ ಹೇಳುತ್ತ ಬಂದಿದ್ದ. ಮೊದಲ ವರ್ಷ ಅದು ಅರ್ಧ ಗಂಟೆಯಾಗಿತ್ತು. ಮೂರನೆಯ ವರ್ಷಕ್ಕೆ ಹತ್ತು ನಿಮಿಷಕ್ಕೆ ಇಳಿಯಿತು. ಐದನೆಯ ವರ್ಷ ಚಹಾ ಬಂತು. ಇತ್ತೀಚೆಗಂತೂ ತಾನು ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದಂತೆಯೇ ಡ್ರೈವು ಎದ್ದು ನಿಂತು ‘ಹಾಜರ್’ ಎಂದಿತೆನ್ನುವಲ್ಲಿಗೆ ಕತೆ ಬೆಳೆದಿತ್ತು. ಇನ್ನೆರಡು ವರ್ಷ ಹಾಗೇ ಬಿಟ್ಟಿದ್ದರೆ ಅದು ಅಂಗಡಿಯಿಂದಲೇ ಫೋನು ಮಾಡಿ, ಬರಲೋ ಬೇಡವೋ ಎಂದು ಅಪ್ಪಣೆ ಕೇಳುತ್ತಿತ್ತು.

ಮಾವ ದುಡಿಯುತ್ತಿದ್ದುದು ರಟ್ಟಿನ ಕಾರ್ಖಾನೆಯಲ್ಲಿ. ಊರು ಬಿಸಾಡಿದ ಕಾಗದವೆಲ್ಲ ಶೆಡ್ಡಿನ ಹಿಂದಿನ ತುದಿಯಲ್ಲಿ ನೆನೆದು, ಅರೆದು, ಗಂಜಿಯಾಗಿ ಒಳಬರುತ್ತಿತ್ತು. ಏಳು ಜೊತೆ ರೋಲರುಗಳ ನಡುವೆ ಹಿಂಡಿಸಿಕೊಂಡು, ಒಣಗಿ, ಮುಂಬಾಗಿಲ ಹತ್ತಿರ ರಟ್ಟಾಗಿ ಸುತ್ತಿಕೊಳ್ಳುತ್ತಿತ್ತು. ಶೆಡ್ಡು ಎಷ್ಟು ಉದ್ದವೆಂದರೆ, ಒಂದು ತುದಿಯಲ್ಲಿ ಹೇಳಿದ ಚಾಡಿ ಇನ್ನೊಂದು ತುದಿ ಮುಟ್ಟುವಷ್ಟರಲ್ಲಿ ಹೊಗಳಿಕೆಯಾಗಿರುತ್ತಿತ್ತು.

ಏಳು ಜೊತೆ ರೋಲರಿಗೆ ಏಳು ಮೋಟಾರು, ಏಳು ಮೋಟಾರಿಗೆ ಏಳು ಡ್ರೈವು. ಡ್ರೈವೆಂದರೆ ಎಷ್ಟು ವೇಗದಲ್ಲಿ ತಿರುಗಬೇಕೆಂದು ಮೋಟಾರಿನ ಕಿವಿ ಹಿಂಡಿ ಹೇಳುವ ಪೆಟ್ಟಿಗೆ. ಏಳೂ ಹೊಂದಿಕೊಂಡು ನಡೆಯಬೇಕು. ಒಂದು ಮುಂದೋಡಿದರೆ ರಟ್ಟು ಹರಿಯುತ್ತದೆ, ಒಂದು ಹಿಂದೆ ಬಿದ್ದರೆ ಸುಕ್ಕುಗಟ್ಟುತ್ತದೆ. ಅದಕ್ಕಾಗಿ ಏಳನ್ನೂ ಒಂದೇ ತಂತಿಯಲ್ಲಿ ಪೋಣಿಸಿದ್ದರು. ಕಂಟ್ರೋಲ್ ರೂಮಿನ ಕಂಪ್ಯೂಟರು ಆ ತಂತಿಯ ಮೇಲೆ ಶಾಲೆಯ ಮೇಷ್ಟರಂತೆ ಒಂದೊಂದೇ ನಂಬರು ಹಿಡಿದು ಹಾಜರಿ ಕೂಗುತ್ತಿತ್ತು. ಕರೆದ ನಂಬರಿನ ಡ್ರೈವು ಓಗೊಡಬೇಕು. ಹಾಜರಿ ಮುಗಿಯುವ ಹಾಗೇ ಇಲ್ಲ, ಹಗಲೂ ರಾತ್ರಿ ಅದೇ ಕೂಗು.

ಕೆಲಸಗಾರರು ಮಾತ್ರ ನಂಬರಿನ ಗೋಜಿಗೆ ಹೋದವರಲ್ಲ. ಅವರು ಮೋಟಾರುಗಳಿಗೆ ಸದ್ದು ನೋಡಿ ಹೆಸರಿಟ್ಟಿದ್ದರು. ಒಂದು ಗೊಣಗ, ಒಂದು ಸಿಳ್ಳೆ, ಒಂದು ಕೆಮ್ಮ. ಹಿಂದಿನ ತುದಿಯ ಹತ್ತಿರವಿದ್ದ ಅತ್ತೆ ಯಾವಾಗ ಬಿಸಿಯಾಗುತ್ತಾಳೆಂದು ಯಾರಿಗೂ ತಿಳಿಯದು. ‘ಗೊಣಗನಿಗೆ ಎಣ್ಣೆ ಹಾಕು’ ಎಂದರೆ ಎಲ್ಲರಿಗೂ ಗೊತ್ತು, ಕಂಟ್ರೋಲ್ ರೂಮಿಗೂ ಗೊತ್ತು.

ಮಾವ ಇಲ್ಲಿಗೆ ಬಂದದ್ದು ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಬಲ್ಬು ಬದಲಿಸುವವನಾಗಿ. ಮೂವತ್ತೈದು ವರ್ಷ ಕಳೆದು ಈಗ ಡ್ರೈವುಗಳೆಲ್ಲ ಅವನ ಸುಪರ್ದಿಯಲ್ಲಿದ್ದವು. ದಿನಾ ಬೆಳಿಗ್ಗೆ ಮುಂಬಾಗಿಲಿನಿಂದ ಒಳಬಂದು, ಏಳು ಮೋಟಾರುಗಳ ಮೈಗೂ ಅಂಗೈ ಹಿಂಭಾಗ ತಾಗಿಸಿ ನೋಡಿಯೇ ಮುಂದಿನ ಮಾತು. ಒಮ್ಮೆ ಹೆಂಡತಿಗೆ ಜ್ವರ ಬಂದಾಗಲೂ ಹಾಗೇ ಹಣೆ ಮುಟ್ಟಿ, “ಏನೂ ಆಗಿಲ್ಲ, ಬೇರಿಂಗು ಸರಿಯಾಗಿದೆ” ಎಂದು ಮಗ್ಗುಲು ಬದಲಿಸಿದ್ದನಂತೆ. ಆಕೆ ಅದನ್ನು ಇನ್ನೂ ಮರೆತಿಲ್ಲ. ನೆಂಟರು ಬಂದಾಗಲೆಲ್ಲ ನೆನಪಿಸುತ್ತಾಳೆ.

ಕಾರ್ಖಾನೆಯ ಇನ್ನೂರ ಹತ್ತು ಜನವೂ, ಮ್ಯಾನೇಜರೂ ಸೇರಿ, ಅವನನ್ನು ಮಾವ ಎನ್ನುತ್ತಿದ್ದರು. ಮಗಳಿದ್ದುದು ಮಾತ್ರ ಒಬ್ಬಳೇ. ಅವಳನ್ನು ಮದುವೆಯಾದವನು ಕಂಟ್ರೋಲ್ ರೂಮಿನ ಆಪರೇಟರು. ಹನ್ನೊಂದು ತಿಂಗಳಾಯಿತು, ಮಾವನಿಗೆ ಒಂದು ಎದುರುಮಾತು ಆಡಿದವನಲ್ಲ. ಮಾವನ ಫೋನು ಬಂದರೆ ಕುರ್ಚಿ ಬಿಟ್ಟು ಎದ್ದು ನಿಂತೇ ಮಾತಾಡುವವನು. ಒಮ್ಮೆ ಊಟಕ್ಕೆ ಕರೆದಿದ್ದಾಗ ಮಾವ “ಉಪ್ಪು ಹದವಾಗಿದೆ” ಎಂದುಬಿಟ್ಟ. ಅಡುಗೆಗೆ ಉಪ್ಪೇ ಬಿದ್ದಿರಲಿಲ್ಲ. ಅಳಿಯ ಎರಡು ಸಲ ಬಡಿಸಿಕೊಂಡು ಉಂಡ.

ಹೀಗಿರಲು ಒಂದು ಬೆಳಿಗ್ಗೆ ಒಂಬತ್ತೂವರೆಗೆ ಗೊಣಗನ ಸದ್ದು ನಿಂತಿತು. ಹಿಂದೆಯೇ ಸುಟ್ಟ ವಾಸನೆ. ಮೋಟಾರಿಗೇನೂ ಆಗಿರಲಿಲ್ಲ, ಅದರ ಡ್ರೈವು ಒಳಗೊಳಗೇ ಕರಿಕಲಾಗಿ, ಪರದೆ ಕಪ್ಪಾಗಿ ಕೂತಿತ್ತು. ಇಡೀ ಲೈನು ನಿಂತಿತು. ಸ್ಟೋರಿನಿಂದ ಬದಲಿ ಡ್ರೈವು ಬಂತು: ಹೊಸ ಮಾದರಿ, ಹಳೆಯದರ ಅರ್ಧ ಗಾತ್ರ, ಎರಡರಷ್ಟು ಗುಂಡಿ.

ಮ್ಯಾನೇಜರು ಬಂದರು. ವಯಸ್ಸಿನಲ್ಲಿ ಮಾವನ ಮಗನಾಗಬಹುದಾಗಿದ್ದ ಮನುಷ್ಯ. “ಮಾವ, ಸುತ್ತಿ ಬಳಸಿ ಹೇಳಲ್ಲ. ಡ್ರೈವಿನ ಕಂಪನಿ ಇಂಜಿನಿಯರನ್ನ ಕರೆಸು ಅಂತ ಮೇಲಿನವರು ಕೂತಿದಾರೆ. ಅವರು ಬಂದ್ರೆ ವರ್ಷದ ಒಪ್ಪಂದ ಮಾಡ್ಕೊಂಡೇ ಬರೋದು. ನಾಲ್ಕು ಗಂಟೆ ತನಕ ನಾನು ತಡೀತೀನಿ. ಆಮೇಲೆ ಡ್ರೈವೆಲ್ಲ ಅವರಿಗೆ, ಸ್ಟೋರು ನಿಮಗೆ.”

ಸ್ಟೋರೆಂದರೆ ಕಿಟಕಿಯಿಲ್ಲದ ಕೋಣೆ. ಅಲ್ಲಿ ಕೂತು ಬೋಲ್ಟು, ನಟ್ಟು, ವಾಷರು ಎಣಿಸುವುದು. ಹಿಂದೆ ಅಲ್ಲಿಗೆ ಹೋದವನೊಬ್ಬ ನಿವೃತ್ತಿಯ ದಿನ ಹೊರಬಂದು ಸೂರ್ಯನನ್ನು ನೋಡಿ, ‘ಈ ಬಲ್ಬು ಯಾವಾಗ ಹಾಕಿದ್ದು’ ಎಂದು ಕೇಳಿದನಂತೆ. ಮಾವನಿಗೆ ನಿವೃತ್ತಿಗೆ ಇನ್ನೂ ನಾಲ್ಕು ವರ್ಷವಿತ್ತು.

“ನಾಲ್ಕು ಗಂಟೆ ಯಾಕೆ ಸ್ವಾಮಿ? ಒಂದು ಚಹಾ ಕಳಿಸಿ, ಸಾಕು” ಎಂದ ಮಾವ.

ಚಹಾ ಬಂತು. ಮಾವ ಹಳೆಯ ಡ್ರೈವನ್ನು ಬಿಚ್ಚಿ ಹೊಸದನ್ನು ಕೂರಿಸಿದ. ದಪ್ಪ ತಂತಿಗಳನ್ನು ಬಿಗಿದ. ಮೋಟಾರಿನ ಮೈಮೇಲಿನ ತಗಡನ್ನು ಉಜ್ಜಿ, ಅದರ ವೋಲ್ಟು, ಕರೆಂಟು, ಸುತ್ತುಗಳನ್ನೆಲ್ಲ ಓದಿ ಗುಂಡಿ ಒತ್ತಿ ತುಂಬಿದ. ಹಾಜರಿಯ ತಂತಿಯನ್ನು ಸಿಕ್ಕಿಸಿದ. ಇನ್ನು ಉಳಿದದ್ದು ನಂಬರು. ಡ್ರೈವು ಕೂತ ಪ್ಯಾನೆಲ್ ಬಾಗಿಲ ಮೇಲೆ ಒಂದು ಕಾಲದಲ್ಲಿ ಅವನೇ ಕೆಂಪು ಬಣ್ಣದಲ್ಲಿ ಬರೆದಿದ್ದ ‘ಎರಡು’ ಎದ್ದು ಕಾಣುತ್ತಿತ್ತು. ಎರಡು ಎಂದೇ ಹಾಕಿದ. ಕರೆಂಟು ತೆಗೆದು, ಡ್ರೈವಿನ ದೀಪ ಪೂರ್ತಿ ಆರುವ ತನಕ ಕಾದು, ಮತ್ತೆ ಕೊಟ್ಟ. ಅಳಿಯನಿಗೆ ಫೋನು ಹಚ್ಚಿದ.

“ಅಳಿಯಂದ್ರೇ, ಗೊಣಗ ಬಂದ್ನಾ?”

“ಇಲ್ಲ ಮಾವ. ಎರಡು ಹೋಗಿದೆ.”

“ಎರಡು ಹೋಗಿದೆ ಅಂತ ತಾನೇ ನಾನಿಲ್ಲಿ ನಿಂತಿರೋದು! ಈಗ ಬರುತ್ತೆ, ನೋಡ್ತಾ ಇರಿ.”

“ಆಯ್ತು ಮಾವ.”

ತಂತಿಯ ಎರಡು ಎಳೆಗಳು ಅದಲುಬದಲಾಗಿರಬೇಕೆಂದುಕೊಂಡು ಮಾವ ಅವನ್ನು ಬದಲಿಸಿ ನೋಡಿದ.

“ಈಗ?”

“ಎರಡು ಈಗಲೂ ಇಲ್ಲ ಮಾವ. ಆರು ಕೂಡ...”

“ಆರರ ಸುದ್ದಿ ಆಮೇಲೆ. ಮೊದಲು ಎರಡು ಆಗ್ಲಿ.”

“ಸರಿ ಮಾವ.”

ಚಹಾ ಆರಿತು. ಮೇಲೆ ಕೆನೆ ಕಟ್ಟಿತು. ಮಾವ ಡ್ರೈವು ಮಾತಾಡುವ ವೇಗವನ್ನು ಇಳಿಸಿದ, ಏರಿಸಿದ. ತಂತಿಯನ್ನೇ ಕಿತ್ತು ಹೊಸದು ಎಳೆದ. ಸ್ಕ್ರೂಗಳನ್ನು ಎಷ್ಟು ಸಲ ಬಿಚ್ಚಿ ಬಿಗಿದನೆಂದರೆ ಅವು ಸಣ್ಣಗಾಗಿ ಸೂಜಿಯಾಗುವುದೊಂದು ಬಾಕಿ. ಹನ್ನೆರಡಾಯಿತು, ಒಂದಾಯಿತು. ಲೈನು ನಿಂತು ಕೈ ಖಾಲಿಯಾದ ಕೆಲಸಗಾರರು ಸುತ್ತ ನೆರೆದು, ಒಬ್ಬೊಬ್ಬರೂ ಒಂದೊಂದು ಸಲಹೆ ಕೊಟ್ಟು ಊಟಕ್ಕೆ ಹೋದರು. ಉಂಡು ಬಂದ ರೋಲರಿನವನೊಬ್ಬ ಲೋಟದೊಳಗೆ ಇಣುಕಿ, “ಮಾವ, ನಿಮ್ಮ ಚಹಾ ಆರಿ ಮೊಸರಾಯ್ತು” ಎಂದ.

“ಕಡೆದು ಬೆಣ್ಣೆ ತೆಗಿ, ಹೋಗು” ಎಂದ ಮಾವ. ಆದರೆ ಗೋಡೆಯ ಗಡಿಯಾರದ ಕಡೆಗೆ ಬೆನ್ನು ಹಾಕಿ ನಿಂತಿದ್ದ.

ಎರಡೂವರೆಗೆ ಫೋನು ಬಂತು. ಊರಾಚೆಯ ಮನೆಯಿಂದ ಮಗಳು.

“ಅಪ್ಪಾ, ಊಟ ಆಯ್ತಾ?”

“ಇಲ್ಲಿ ಉಸಿರಾಡೋಕೆ ಪುರುಸೊತ್ತಿಲ್ಲ. ಏನು, ಬೇಗ ಹೇಳು.”

“ಗೊಣಗ ಎರಡಲ್ವಂತೆ. ಆರಂತೆ.”

“ಯಾರು ಹೇಳಿದ್ದು?”

“ಯಾರು ಅಂತ ಹೇಳ್ಬೇಡ ಅಂದಿದಾರೆ.”

“ಅಲ್ಲ ಕಣೇ, ನಿನ್ನ ಗಂಡ ಇಲ್ಲಿಂದ ಇನ್ನೂರು ಹೆಜ್ಜೆ ದೂರ ಇದಾನೆ. ನನಗೇ ಹೇಳೋಕೆ ಏನು ಧಾಡಿ?”

“ಹೇಳೋಕೆ ಬಂದ್ರೆ ‘ಆರರ ಸುದ್ದಿ ಆಮೇಲೆ’ ಅಂದ್ಯಂತೆ. ಆ ಆಮೇಲೆ ಯಾವಾಗ ಬರುತ್ತೋ ಅಂತ ಬೆಳಿಗ್ಗೆಯಿಂದ ಎದ್ದು ನಿಂತೇ ಕಾಯ್ತಿದಾರೆ. ಕಾಲು ನೋವಂತೆ ಪಾಪ.”

ಮಾವ ಫೋನು ಜೇಬಿಗೆ ಹಾಕಿ, ಶೆಡ್ಡಿನ ಹಿಂದಿನ ತುದಿಗೆ ನಡೆದುಹೋದ. ಗಂಜಿ ಒಳಬರುವ ಕಡೆಯಿಂದ ಬೆರಳು ಮಡಿಚಿ ಎಣಿಸುತ್ತ ಬಂದ. ಗೊಣಗನ ಮುಂದೆ ನಿಂತಾಗ ಆರನೆಯ ಬೆರಳು ಮಡಿಚಿತ್ತು.

ವಿಷಯ ಇಷ್ಟೇ. ಹನ್ನೆರಡು ವರ್ಷದ ಹಿಂದೆ ಲೈನು ಕೂರಿಸಿದ ಕಂಪನಿಯವರು ರಟ್ಟು ಹರಿದುಬರುವ ದಿಕ್ಕಿನಲ್ಲಿ, ಹಿಂದಿನಿಂದ ಮುಂದಕ್ಕೆ, ಡ್ರೈವುಗಳಿಗೆ ನಂಬರು ಕೊಟ್ಟಿದ್ದರು. ಕಂಪ್ಯೂಟರು ಎಣಿಸುತ್ತಿದ್ದುದೂ ಹಾಗೇ. ಅವರು ಹೋದ ಮೇಲೆ ಮಾವ ಬಣ್ಣದ ಡಬ್ಬಿ ಹಿಡಿದು, ತಾನು ದಿನಾ ಒಳಬರುವ ಮುಂಬಾಗಿಲಿನಿಂದ ಶುರುಮಾಡಿ ಪ್ಯಾನೆಲ್ ಬಾಗಿಲುಗಳ ಮೇಲೆ ಒಂದು, ಎರಡು ಎಂದು ಬರೆಯುತ್ತ ಹೋಗಿದ್ದ. ನಕ್ಷೆಯ ಪುಸ್ತಕವೊಂದಿತ್ತು, ಅದು ಬಂದ ವರ್ಷವೇ ಯಾರದೋ ಕೈತಪ್ಪಿ ಹಳೆ ಕಾಗದದ ರಾಶಿಗೆ ಬಿದ್ದು, ಗಂಜಿಯಾಗಿ, ರಟ್ಟಾಗಿ, ಯಾವುದೋ ಊರಿನಲ್ಲಿ ಚಪ್ಪಲಿ ಡಬ್ಬಿಯಾಗಿತ್ತು. ಮಾತೆಲ್ಲ ಗೊಣಗ, ಸಿಳ್ಳೆ, ಅತ್ತೆ ಎಂದೇ ನಡೆಯುತ್ತಿದ್ದುದರಿಂದ ಎರಡು ಲೆಕ್ಕ ಇರುವುದು ಬೆಳಕಿಗೆ ಬಂದೇ ಇರಲಿಲ್ಲ.

ಕಂಪ್ಯೂಟರಿನ ಪಾಲಿಗೆ ಎರಡು ಎಂದರೆ ಅತ್ತೆ. ಬೆಳಿಗ್ಗೆಯಿಂದ ಮೇಷ್ಟರು ‘ಎರಡು’ ಎಂದು ಕೂಗಿದಾಗಲೆಲ್ಲ ಅತ್ತೆಯ ಜೊತೆಗೆ ಹೊಸ ಗೊಣಗನೂ ಬಾಯಿ ಹಾಕುತ್ತಿದ್ದ. ಇಬ್ಬರ ಮಾತೂ ಅರ್ಥವಾಗದೆ ಮೇಷ್ಟರು ಎರಡಕ್ಕೆ ಗೈರುಹಾಜರಿ ಹಾಕುತ್ತಿದ್ದರು. ‘ಆರು’ ಎಂದಾಗ ಉಸಿರೆತ್ತುವವರೇ ಇರಲಿಲ್ಲ.

ಮಾವನಿಗೆ ಇನ್ನೊಂದು ಮಾತೂ ಹೊಳೆಯಿತು, ಹೊಳೆಯದಿದ್ದರೆ ಚೆನ್ನಾಗಿತ್ತು. ಒಂಬತ್ತು ವರ್ಷದ ಹಿಂದೆ ಅವನು ಒಂದೇ ಏಟಿಗೆ ಮಾತಾಡಿಸಿದ್ದು ನಾಲ್ಕನೆಯ ಡ್ರೈವನ್ನು. ಏಳರಲ್ಲಿ ನಾಲ್ಕು ನಟ್ಟನಡುವೆ. ಆ ಕಡೆಯಿಂದ ಎಣಿಸಿದರೂ ನಾಲ್ಕು, ಈ ಕಡೆಯಿಂದ ಎಣಿಸಿದರೂ ನಾಲ್ಕು. ಇಡೀ ಶೆಡ್ಡಿನಲ್ಲಿ ತಪ್ಪು ನಂಬರು ಹಾಕುವುದು ಸಾಧ್ಯವೇ ಇಲ್ಲದ ಒಂದೇ ಒಂದು ಪೆಟ್ಟಿಗೆ ಅದು.

ಬೆಳಿಗ್ಗೆಯಿಂದ ಕೆದಕಿದ್ದನ್ನೆಲ್ಲ ಒಂದೊಂದಾಗಿ ಮೊದಲಿನಂತೆ ಮಾಡಿ, ನಂಬರು ಆರು ಹಾಕಿ, ಕರೆಂಟು ತೆಗೆದು ಕೊಟ್ಟು, ಮಾವ ಫೋನು ಮಾಡಿದ.

“ಅಳಿಯಂದ್ರೇ, ಈಗ?”

“ಆರು ಬಂತು ಮಾವ! ಅತ್ತೇನೂ ಬಂದ್ರು!”

“ಒಳ್ಳೇದು. ಇನ್ನು ಕೂತ್ಕೊಳ್ಳಿ.”

ಮೂರೂ ಇಪ್ಪತ್ತಕ್ಕೆ ಲೈನು ಹೊರಟಿತು. ಗೊಣಗ ಗೊಣಗಿದ. ಮೂರೂಮುಕ್ಕಾಲಿಗೆ ಮ್ಯಾನೇಜರು ಬರುವಷ್ಟರಲ್ಲಿ ಕತೆಯೆಲ್ಲ ಅವರ ಕಿವಿ ಮುಟ್ಟಿತ್ತು. ಕೈಕಟ್ಟಿ ನಿಂತು ರಟ್ಟು ಓಡುವುದನ್ನು ನೋಡಿದರು.

“ಹಾಗಾದ್ರೆ ಮಾವ, ಒಂಬತ್ತು ವರ್ಷ ಕೊಚ್ಚಿಕೊಂಡಿದ್ದೆಲ್ಲ ಆ ನಡುವಿನ ಪೆಟ್ಟಿಗೆ ಪುಣ್ಯ ಅನ್ನಿ.”

ಮಾವ ಕೈ ಒರೆಸಿಕೊಳ್ಳುತ್ತಿದ್ದ.

“ನಿಮಗೆ ಏಳರ ತನಕ ಎಣಿಸೋಕೇ ಬರಲ್ಲ. ಲೈನು ಓಡಿದ್ರೂ ನಿಮ್ಮನ್ನ ಸ್ಟೋರಿಗೇ ಹಾಕ್ಬೇಕು ಅನ್ನಿಸ್ತಿದೆ ನನಗೆ.”

“ಹಾಕಿ ಸ್ವಾಮಿ, ಧಾರಾಳವಾಗಿ ಹಾಕಿ” ಎಂದ ಮಾವ. “ಇಲ್ಲಿರೋದು ಏಳೇ ಏಳು, ತಪ್ಪಿದ್ರೆ ಮನೆಯಿಂದ ಫೋನು ಬರುತ್ತೆ. ಅಲ್ಲಿ ನಲವತ್ತು ಸಾವಿರ ಬೋಲ್ಟು. ನಾನು ತಪ್ಪಿದ್ರೆ ಪಕ್ಕದಲ್ಲಿ ಕೂತು ಎಣಿಸೋರು ನೀವೇ.”