ಮೊದಲ ತಪ್ಪಿಗೇ ನಿಲ್ಲುವ ಭಾಷೆ

ಪುಸ್ತಕ ಓದಿ ನಾನೇ ಕಲಿತು, ಕನ್ನಡದಲ್ಲಿ ಪ್ರೋಗ್ರಾಂ ಬರೆಯುವ ಭಾಷೆಯೊಂದನ್ನು ಕಟ್ಟಿದ್ದೆ. ಮೂಗೂರಿನ ಒಬ್ಬ ಟೀಚರ್ ಒಪ್ಪಿದರೆ ಅದು ಮಕ್ಕಳ ಕೈಗೆ ಹೋಗುತ್ತಿತ್ತು. ಪರೀಕ್ಷಿಸಲು ಅವರು ಅದರಲ್ಲಿ ಹತ್ತು ಸಾಲು ಬರೆದರು. ಮೊದಲ ತಪ್ಪೊಂದನ್ನೇ ತೋರಿಸಿ ಕಂಪ್ಯೂಟರ್ ನಿಂತಿತು. ಅದನ್ನು ತಿದ್ದಿದರೆ ಮುಂದಿನ ತಪ್ಪಿಗೆ ನಿಂತಿತು.

“ಎಲ್ಲಾ ತಪ್ಪೂ ಒಟ್ಟಿಗೆ ತೋರ್ಸಲ್ವೇನಮ್ಮ?”

“ಶಿಸ್ತಿರಲಿ ಅಂತ ಹಾಗೆ ಮಾಡಿದೀನಿ ಮೇಡಂ.”

“ಅಲ್ಲ ಕಣಮ್ಮ, ನಾನು ದಿನಕ್ಕೊಂದೇ ತಪ್ಪು ತೋರಿಸ್ತಾ ನೋಟ್ಸ್ ತಿದ್ದುದ್ರೆ ಮಕ್ಳು ಪಾಸಾಗೋದು ಯಾವಾಗ? ಬೇಕಂತ ಮಾಡಿದ್ಯೋ, ಮಾಡಕ್ ಬರಲ್ವೋ?”

ಎಲ್ಲ ತಪ್ಪನ್ನೂ ಒಟ್ಟಿಗೆ ಹಿಡಿಯುವುದು ಹೇಗೆಂದು ಹೇಳುವ ಪುಸ್ತಕದ ಅಧ್ಯಾಯವನ್ನು ಅರ್ಥವಾಗದೆ ಬಿಟ್ಟಿದ್ದೆ. ಅವರು ಕೊಟ್ಟ ಟೀ ತಣ್ಣಗಾಗುವವರೆಗೂ ವಾದಿಸಿ, ಕೊನೆಗೆ “ಬರಲ್ಲ” ಎಂದೆ.

“ಸರಿ, ಕಲ್ತು ಬಾ. ಆಮೇಲೆ ಮಕ್ಳಿಗೆ ಹೇಳ್ಕೊಡುವಾ” ಎಂದರು.

“ಬರಲ್ಲ” ಎಂಬ ಆ ಒಂದು ಮಾತು ಒಪ್ಪಿಕೊಳ್ಳುವುದಕ್ಕಿಂತ ಇಡೀ ಭಾಷೆ ಕಟ್ಟುವುದೇ ನನಗೆ ಸುಲಭವಾಗಿತ್ತು.