ಬೆಳ್ಳಕ್ಕಿಯನ್ನು ನೆಟ್ಟಗೆ ಮಾಡಿದ್ದು

ಓರೆಯಾಗಿರುವ ಯಾವುದನ್ನೂ ನನ್ನ ಕೈ ಸುಮ್ಮನೆ ಬಿಡುವುದಿಲ್ಲ. ಬೇರೆಯವರ ಮನೆಗೆ ಹೋದರೂ ಗೋಡೆಯ ದೇವರ ಪಟ ನೇರ ಮಾಡಿಯೇ ಕಾಫಿ ಮುಟ್ಟುವುದು. ಎಪ್ಪತ್ತರ ದಶಕದಲ್ಲಿ ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ನಾನು ಇನ್‌ಸ್ಪೆಕ್ಟರ್. ಕೂದಲೆಳೆಯಷ್ಟು ವಾಲಿದ ಬಿಡಿಭಾಗವನ್ನೂ ಕಸಕ್ಕೆ ಹಾಕುವುದೇ ನನ್ನ ಕೆಲಸ. ಮನೆಗೆ ಹೊರಡುವಾಗ ಆ ಕಣ್ಣನ್ನು ಗೇಟಿನಲ್ಲಿ ಒಪ್ಪಿಸಿ ಬರುವಂತಿದ್ದರೆ ಎಷ್ಟೋ ಜನ ಸುಖವಾಗಿರುತ್ತಿದ್ದರು.

ನಮ್ಮ ಔಟ್‌ಹೌಸಿನಲ್ಲಿ ಧಾರವಾಡದ ಕಡೆಯ ಶಿವಾನಂದ ಬಾಡಿಗೆಗಿದ್ದ. ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು, ಉಳಿದ ಹೊತ್ತು ಶಿಲ್ಪಿ. ಲಗ್ಗೆರೆ ಕೆರೆಯ ದಡದಲ್ಲಿ ವಾರಗಟ್ಟಲೆ ಕೂತು ನೋಡಿ, ಕೊನೆಗೊಂದು ಬೆಳ್ಳಕ್ಕಿಯನ್ನು ಕಂಚಿನಲ್ಲಿ ಎರಕ ಹೊಯ್ದ. ಅದಕ್ಕೆ ಕೊಕ್ಕಿಲ್ಲ, ಕಣ್ಣಿಲ್ಲ, ರೆಕ್ಕೆಯೂ ಇಲ್ಲ. ಒಂದು ಪಾದ, ಅದರ ಮೇಲೆ ಬಲಕ್ಕೆ ವಾಲಿದ ಮೊಳದುದ್ದದ ತಿರುವು, ಅಷ್ಟೇ. ನಟರಾಜ ಶತಮಾನಗಳಿಂದ ಒಂಟಿಕಾಲಲ್ಲಿ ನಿಂತಿದ್ದಾನೆ, ಇನ್ನೊಂದು ಕಾಲನ್ನೂ ಊರಪ್ಪ ಎಂದು ಅವನಿಗೆ ಯಾರೂ ಹೇಳಿಲ್ಲ. ಈ ಜ್ಞಾನ ನನಗೆ ಆಗ ಬರಬೇಕಿತ್ತು.

ಸೋಮವಾರ ಒಂದು ಬ್ಯಾಂಕಿನ ಮ್ಯಾನೇಜರು ನೋಡಲು ಬರುವವರಿದ್ದರು. ಒಪ್ಪಿದರೆ ಹಕ್ಕಿ ಅವರ ಹೊಸ ಕಟ್ಟಡಕ್ಕೆ. ಇಲ್ಲವಾದರೆ ಈ ಗೀಳು ಬಿಟ್ಟು ಊರಿನ ಬಟ್ಟೆಯಂಗಡಿಯಲ್ಲಿ ಕೂರುವುದಾಗಿ ಶಿವಾನಂದ ತನ್ನ ಅಣ್ಣನಿಗೆ ಮಾತು ಕೊಟ್ಟಿದ್ದ. ತನ್ನ ಕೋಣೆ ಕತ್ತಲೆಂದು ಹಕ್ಕಿಯನ್ನು ನಮ್ಮ ನಡುಮನೆಯಲ್ಲಿಟ್ಟು, ಭಾನುವಾರ ಬೆಳಿಗ್ಗೆ ಕೆಂಗೇರಿಯ ನೆಂಟರ ಮನೆಗೆ ಹೋದ.

"ರೀ, ಅದು ಬೀಳೋ ಹಾಗಿದೆ ಕಣ್ರೀ," ಎಂದಳು ನನ್ನಾಕೆ. ಅಷ್ಟು ಸಾಕಾಯಿತು. ರಸಮಟ್ಟ ಇಟ್ಟು ನೋಡಿ, ಪಾದದ ತಳವನ್ನು ಎಡಗಡೆ ಅರದಿಂದ ಉಜ್ಜಿ ಉಜ್ಜಿ, ಮಧ್ಯಾಹ್ನದೊಳಗೆ ಹಕ್ಕಿಯನ್ನು ನೆಟ್ಟಗೆ ನಿಲ್ಲಿಸಿದೆ. ಉಪಕಾರ ಮಾಡಿದ ತೃಪ್ತಿಗೆ ಊಟದಲ್ಲಿ ಎರಡು ತುತ್ತು ಹೆಚ್ಚೇ ಇಳಿಯಿತು.

ಮೂರು ಗಂಟೆಗೆ ಬಂದ ಶಿವಾನಂದ ಬಾಗಿಲಲ್ಲೇ ನಿಂತುಬಿಟ್ಟ.

"ಏನ್ ಮಾಡೀರಿ ಅಣ್ಣಾರ? ಹಾರೂ ಹಕ್ಕೀನ ಸಾಲಿ ಪ್ರಾರ್ಥನಾಕ್ಕ ನಿಲ್ಲಿಸೀರಲ್ಲ."

ನೋಡಿದೆ. ನಿಜ, ಕೈಕಟ್ಟಿ ನಿಂತ ಹುಡುಗನೇ. ಭೂಮಿ ಬಾಯಿ ಬಿಡಬಾರದೇ ಎನ್ನಿಸುವಷ್ಟು ನಾಚಿಕೆಯಾಯಿತು. ಅವನು ಕೂಗಾಡಲಿಲ್ಲ, ಅರವನ್ನು ನನ್ನ ಕೈಗೇ ಕೊಟ್ಟ.

"ನೆಟ್ಟಗ ಮಾಡಿದ ಕೈಲೇನ ಈಗ ವಾಲಸ್ರಿ."

ತಳದ ಬಲಗಡೆ ಉಜ್ಜುವುದು, ನಿಲ್ಲಿಸುವುದು, ಅವನು ಇನ್ನೂ ಎಂದು ತಲೆಯಾಡಿಸುವುದು. ವಾಲದಂತೆ ಕಾಯುತ್ತಲೇ ಬದುಕಿದವನು, ಬೀಳದೆ ಎಷ್ಟು ವಾಲಬಹುದೆಂದು ಅಂದು ಕಲಿತೆ. ಇನ್ನೆರಡು ಸಲ ಅರ ಎಳೆದಿದ್ದರೆ ಮಗುಚುತ್ತಿತ್ತು. ಅಲ್ಲಿಗೆ "ಸಾಕ್ರಿ" ಎಂದ.

ಸೋಮವಾರ ಮ್ಯಾನೇಜರು ಒಳಗೆ ಕಾಲಿಟ್ಟವರೇ ಎರಡೂ ಕೈ ಚಾಚಿ ಅದರತ್ತ ಓಡಿದರು. ಹಕ್ಕಿ ಬೀಳಲಿಲ್ಲ. ಅವರು ಕೈ ಹಾಗೇ ಚಾಚಿಕೊಂಡು ನಕ್ಕು, "ಇದು ನಮಗೇ ಇರಲಿ ಮೇಷ್ಟ್ರೇ," ಎಂದರು. ಶಿವಾನಂದ ಕಣ್ಣೊರೆಸಿಕೊಂಡ. ತಳ ಉಜ್ಜಿದವನು ನಾನು. ಅದು ಬೀಳುವುದಿಲ್ಲವೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕು? ಆದರೂ ಆಮೇಲೆ ನೋಡಿಕೊಂಡರೆ, ನನ್ನ ಕೈಯೂ ಮುಂದಕ್ಕೆ ಚಾಚಿಯೇ ಇತ್ತು.